ಶಾಂತವ್ವ ಚೆಂಡು ಎಸೆದ ಊರು

ಹೊರಡುವ ಮುನ್ನ

ಸಿಂದಗಿಯಿಂದ ಇಂಡಿಗೆ ಹೋಗುವ ರಸ್ತೆಯಲ್ಲಿ ನಮ್ಮ ಊರು ಬರುತ್ತದೆ. ಬಸ್ಸಿನಲ್ಲಿ ತೂಕಡಿಸುವವರಿಗೆ ಅದು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕವಾಯತು ಕಲಿಸುವವಳು ನಾನು. ಹುಟ್ಟಿದ ಊರು ಬಸವನ ಬಾಗೇವಾಡಿ. ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ಯಾರನ್ನು ಕಂಡರೂ ಮೊದಲು ಅವರ ಬೆನ್ನು ನೆಟ್ಟಗಿದೆಯೇ ಎಂದು ನೋಡುವುದು ನನ್ನ ಚಟ. ನನ್ನನ್ನು ನೋಡಲು ಬಂದ ಗಂಡುಗಳನ್ನೆಲ್ಲ ಇದೇ ಚಟದಿಂದ ಓಡಿಸಿದೆ ಎಂದು ನಮ್ಮ ತಾಯಿ ಈಗಲೂ ಗೊಣಗುತ್ತಾರೆ.

ಶಾಲೆಯ ಹಿಂದೆ ಪಂಚಾಯ್ತಿಯ ಒಂದು ಬಯಲಿದೆ. ನನ್ನ ಹುಡುಗಿಯರು ಓಡುವುದು, ಜಿಗಿಯುವುದು, ಕೊಕ್ಕೋ ಆಡುವುದು ಅಲ್ಲಿಯೇ. ಆ ಬಯಲಿನ ಮೇಲೆ ಹತ್ತಿ ವ್ಯಾಪಾರಿಗಳ ಕಣ್ಣು ಬಿದ್ದಿತ್ತು. ಅಲ್ಲೊಂದು ಗೋದಾಮು ಕಟ್ಟಬೇಕೆಂದು ಅವರು ಪಂಚಾಯ್ತಿಯನ್ನು ಕೇಳಿದ್ದರು. ಬಯಲನ್ನು ಉಳಿಸಿ, ಸಂಜೆಯ ಹೊತ್ತು ಅದನ್ನು ಹೆಣ್ಣುಮಕ್ಕಳಿಗೇ ಬಿಟ್ಟುಕೊಡಿ ಎಂದು ನಾನು ಕೇಳಿದ್ದೆ. ಗಂಡಸರಿಗೆ ಗರಡಿಮನೆ ಇದೆ, ಅದರ ಕೆಮ್ಮಣ್ಣು ಹದ ಮಾಡಿಸುವುದೂ ಪಂಚಾಯ್ತಿಯೇ. ಹಾಗಿದ್ದರೆ ನಮಗೊಂದು ಬಯಲು ಯಾಕಿಲ್ಲ ಎಂಬುದು ನನ್ನ ವಾದ.

ಪಂಚಾಯ್ತಿಯ ಚೇರ್ಮನ್ನರಾದ ಗೌಡರು ಒಳ್ಳೆಯವರು. ಬೆನ್ನು ನೆಟ್ಟಗಿದೆ, ಹೊಟ್ಟೆಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ನನ್ನ ವಾದವನ್ನು ಸಾವಕಾಶವಾಗಿ ಕೇಳಿ ಅವರು ಅಂದದ್ದು ಇಷ್ಟೇ: "ಅಕ್ಕೋರ, ಹೆಣ್ಮಕ್ಳಿಗೆ ಬೀಸೂದು, ಕುಟ್ಟೂದು, ನೀರ ಹೊರೂದು ಸಾಲದಾಗೇತೇನ್ರಿ? ಮ್ಯಾಲ ಓಡಿ ದಣೀಬೇಕೇನು?"

ಇದಕ್ಕೆ ನನ್ನಲ್ಲಿ ಪುಸ್ತಕದ ಉತ್ತರವಷ್ಟೇ ಇತ್ತು, ಅದನ್ನು ಹೇಳಿದೆ. ಗೌಡರು ತಲೆಯಾಡಿಸಿ, ಪರದೇಶದಿಂದ ಬಂದಮೇಲೆ ಮೊದಲ ಸಭೆಯಲ್ಲಿ ತೀರ್ಮಾನ ಮಾಡೋಣ ಅಂದರು.

ಪರದೇಶದ ಕಥೆ ಹೀಗೆ. ಡೆನ್ಮಾರ್ಕ್ ಎಂಬ ದೇಶದ ರೈತರ ಸಂಘವೊಂದು ನಮ್ಮ ಕಡೆಯ ಹಳ್ಳಿಯವರನ್ನು ತಮ್ಮ ಹಳ್ಳಿಗೆ ಕರೆಸಿಕೊಳ್ಳುವ ಉತ್ಸಾಹದಲ್ಲಿತ್ತು. ಗೌಡರ ಹೆಸರು ಹೋಯಿತು. ಇಂಗ್ಲಿಷ್ ಬಲ್ಲ ಒಬ್ಬ ಶಿಕ್ಷಕರೂ ಬೇಕೆಂದಾಗ ನನ್ನ ಹೆಸರು ಹೋಯಿತು. ಮದುವೆಯಾಗದ ಮಗಳು ಗೌಡರೊಬ್ಬರ ಜೊತೆ ಸಮುದ್ರ ದಾಟುವುದೇ ಎಂದು ನಮ್ಮ ತಾಯಿ ಅನ್ನನೀರು ಬಿಟ್ಟು ಕೂತರು. ಕೊನೆಗೆ ಗೌಡರ ಹೆಂಡತಿ ಶಾಂತವ್ವ, "ನಾನೂ ಬರ್ತೇನಿ, ಸುಮ್ಮನಾಗ್ರಿ" ಎಂದು ಒಂದೇ ಮಾತಿನಲ್ಲಿ ಜಗಳ ಮುಗಿಸಿದರು. ಮನೆ, ದನ, ಆಳುಕಾಳು ಎಲ್ಲವನ್ನೂ ಸೊಸೆ ಕಸ್ತೂರಿಗೆ ಒಪ್ಪಿಸಿದ್ದಾಯಿತು. ಜೋಳದ ರಾಶಿ ಮುಗಿದಿತ್ತು, ಹಿಂದೆಮುಂದೆ ನೋಡುವ ಕಾರಣವೇ ಉಳಿಯಲಿಲ್ಲ.

ಇಂಡಿ ರೋಡಿನಿಂದ ವಿಮಾನದವರೆಗೆ

ಇಂಡಿ ರೋಡ್ ಸ್ಟೇಷನ್ನಿನಲ್ಲಿ ನಮ್ಮನ್ನು ಕಳಿಸಲು ಅರ್ಧ ಊರೇ ಬಂದಿತ್ತು. ಒಬ್ಬೊಬ್ಬರು ಒಂದೊಂದು ಬುದ್ಧಿವಾದ ಹೇಳಿದರು. ಅಲ್ಲಿ ನೀರು ಕುಡಿಯಬೇಡಿ ಎಂದವರು ಕೆಲವರು, ನೀರು ಬಿಟ್ಟು ಬೇರೇನೂ ಕುಡಿಯಬೇಡಿ ಎಂದವರು ಹಲವರು. ಶಾಂತವ್ವನ ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಇಂಡಿ ನಿಂಬೆಯ ಉಪ್ಪಿನಕಾಯಿ. ಸೊಲ್ಲಾಪುರದಲ್ಲಿ ಗಾಡಿ ಬದಲಿಸುವಾಗ ಆ ಗಂಟನ್ನು ಕೂಲಿಯವನ ತಲೆಯ ಮೇಲಿಡಲು ಆಕೆ ಒಪ್ಪಲಿಲ್ಲ, ತಾನೇ ಹೊತ್ತರು. ಬೊಂಬಾಯಿಯಲ್ಲಿ ವಿಮಾನ ಹತ್ತುವಾಗಲೂ ಅದು ಅವರ ಸೊಂಟದ ಮೇಲೆಯೇ ಇತ್ತು.

ವಿಮಾನದಲ್ಲಿ ಗೌಡರು ಹೊಟ್ಟೆಗೆ ಪಟ್ಟಿ ಕಟ್ಟಿಕೊಂಡು, ಎತ್ತಿಗೆ ಹಗ್ಗ ಬಿಗಿದ ಹಾಗಾಯಿತು ಎಂದು ಮುಖ ಸಿಂಡರಿಸಿದರು. ಶಾಂತವ್ವ ಕಿಟಕಿಯ ಕಡೆ ಕೂತು, ಮೋಡ ಬಂದಾಗಲೆಲ್ಲ ಮಳೆಯ ಬಗ್ಗೆ ವಿಚಾರ ಮಾಡಿದರು. ಕೆಳಗೆ ಯಾವ ದೇಶವೋ ಏನೋ, ಆಕೆಯ ಮನಸ್ಸು ನಮ್ಮ ಹೊಲಗಳ ಮೇಲೆಯೇ ಇತ್ತು.

ಕೋಪನ್‌ಹೇಗನ್ನಿನಲ್ಲಿ ಇಳಿದಾಗ ಕಸ್ಟಮ್ಸಿನ ಒಬ್ಬ ಎತ್ತರದ ಮನುಷ್ಯ ಗಂಟು ಬಿಚ್ಚಿಸಿದ. ಕಟಕ ರೊಟ್ಟಿಯನ್ನು ಬೆರಳಿನಿಂದ ಬಡಿದು ಸದ್ದು ಕೇಳಿದ, ಬೆಳಕಿಗೆ ಹಿಡಿದು ನೋಡಿದ. ಇದು ತಿನ್ನುವ ವಸ್ತು ಎಂದು ನಾನು ಹೇಳಿದ್ದನ್ನು ಅವನು ನಂಬಲಿಲ್ಲ. ಶಾಂತವ್ವ ಒಂದು ಚೂರು ಮುರಿದು, ಚಟ್ನಿ ಹಚ್ಚಿ, ಅವನ ಅಂಗೈಯಲ್ಲಿಟ್ಟರು. ಅವನು ತಿಂದ. ಕಣ್ಣಲ್ಲಿ ನೀರು ಬಂತು. ಗಂಟು ಕಟ್ಟಿಕೊಳ್ಳಿ ಎಂದು ಕೈಸನ್ನೆ ಮಾಡಿದ.

ಆಂಡರ್ಸನ ಮನೆ

ನಾವು ಇಳಿದುಕೊಂಡದ್ದು ಆಂಡರ್ಸ್ ಎಂಬ ರೈತನ ಮನೆಯಲ್ಲಿ. ಹೈನದ ಹಸುಗಳ ದೊಡ್ಡ ಕೊಟ್ಟಿಗೆ, ಅದಕ್ಕೆ ಅಂಟಿಕೊಂಡ ಮನೆ, ಸುತ್ತ ಸಪಾಟು ನೆಲ. ಬಣ್ಣವೊಂದು ಬಿಟ್ಟರೆ ಮುದ್ದೇಬಿಹಾಳದ ಕಡೆಯ ಎರೆಹೊಲವೇ ಅನ್ನಬೇಕು, ಎತ್ತ ನೋಡಿದರೂ ಆಕಾಶ ನೆಲಕ್ಕೆ ತಾಗಿತ್ತು. ಗೌಡರು ಬೆಳಿಗ್ಗೆ ಎದ್ದು ಹೊಲದ ಮಣ್ಣು ಹಿಡಿದು ನೋಡಿದರು. ಗಡ್ಡೆ ಕಟ್ಟಿ ಕಲ್ಲಾಗಿತ್ತು, ಕೈ ಮರಗಟ್ಟಿತು. ಮಾರ್ಚ್ ತಿಂಗಳಲ್ಲಿ ನಮ್ಮಲ್ಲಿ ನೆರಳು ಹುಡುಕುತ್ತೇವೆ, ಅಲ್ಲಿ ಇದ್ದಬದ್ದ ಬಿಸಿಲನ್ನು ಬೆನ್ನಟ್ಟಿ ಹೋಗಬೇಕಾಯಿತು.

ಆಂಡರ್ಸನ ಹೆಂಡತಿ ಇಂಗರ್. ಇಬ್ಬರಿಗೂ ಇಂಗ್ಲಿಷ್ ಬರುತ್ತಿತ್ತು. ಆಂಡರ್ಸನ ತಾಯಿ, ತಲೆ ಪೂರಾ ಬೆಳ್ಳಗಾದ ಅಜ್ಜಿ, ದಿನವೂ ಬೆಳಿಗ್ಗೆ ಸೈಕಲ್ ಹತ್ತಿ ಅಂಗಡಿಗೆ ಹೋಗಿ ಬರುತ್ತಿದ್ದಳು. ಇದನ್ನು ನೋಡಿ ಗೌಡರ ಮುಖ ಬಾಡಿತು. ಎರಡು ದಿನ ತಡೆದುಕೊಂಡರು. ಮೂರನೆಯ ದಿನ ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದೊಯ್ದು, ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ತಾಯಿಯನ್ನು ಯಾರೂ ನೋಡಿಕೊಳ್ಳುತ್ತಿಲ್ಲವೇನೋ, ಮೆಲ್ಲಗೆ ಕೇಳಿ ನೋಡಿರಿ ಎಂದರು. ಮನೆಯಲ್ಲಿ ಮೋಟಾರು ನಿಂತಿರುವಾಗ ಮುದುಕಿಯನ್ನು ಸೈಕಲ್ ಮೇಲೆ ಕಳಿಸುವುದು ಅವರ ಲೆಕ್ಕದಲ್ಲಿ ಮರ್ಯಾದೆಯ ಪ್ರಶ್ನೆ. ಬೇಕಾದರೆ ತಾವೇ ನಡುವೆ ಕೂತು ರಾಜಿ ಮಾಡಿಸುವುದಾಗಿಯೂ ಹೇಳಿದರು.

ನಾನು ಇಂಗರಳನ್ನು ಕೇಳಿದೆ, ಅವಳು ಅಜ್ಜಿಯನ್ನು ಕೇಳಿದಳು. ಅಜ್ಜಿ ನಕ್ಕು, ಕುಪ್ಪಳಿಸಿ ತೋರಿಸಿ, ಸೈಕಲ್ ಬಿಟ್ಟರೆ ಈ ಮಂಡಿ ಕೂತುಬಿಡುತ್ತದೆ ಎಂದಳಂತೆ. ಮಗ ಮೋಟಾರಿನಲ್ಲಿ ಬಿಡುತ್ತೇನೆಂದರೆ ಅವಳೇ ಬೈಯುತ್ತಾಳಂತೆ. ಗೌಡರು ಪೂರ್ತಿ ನಂಬಲಿಲ್ಲ, ಆದರೆ ರಾಜಿಯ ಮಾತು ಬಿಟ್ಟರು.

ಆ ಅಜ್ಜಿಯ ಸೈಕಲ್ಲಿಗಿಂತ ನನಗೆ ಹೊಟ್ಟೆಕಿಚ್ಚಾದದ್ದು ಅದರ ದಾರಿಯನ್ನು ಕಂಡು. ಡಾಂಬರು ರಸ್ತೆಯ ಪಕ್ಕದಲ್ಲಿ ಸೈಕಲ್ಲಿಗೆಂದೇ ಒಂದು ಸಣ್ಣ ಹಾದಿ. ನಮ್ಮಲ್ಲಿ ಲಾರಿ ಬಂತೆಂದರೆ ಸೈಕಲ್ಲಿನವನು ಜಾಲಿಕಂಟಿಗೆ ಬಿದ್ದ ಎಂದೇ ಅರ್ಥ. ನಡೆಯಿರಿ, ತುಳಿಯಿರಿ, ಗಟ್ಟಿಯಾಗಿರಿ ಎಂದು ನಾವು ಶಾಲೆಯ ಗೋಡೆಯ ಮೇಲೆ ಬರೆಸುತ್ತೇವೆ. ಇವರು ಗೋಡೆಯ ಮೇಲೆ ಏನೂ ಬರೆಯದೆ ಹಾದಿ ಹಾಕಿಕೊಟ್ಟಿದ್ದರು. ಇದನ್ನು ಆಂಡರ್ಸನಿಗೆ ಹೇಳಿದೆ. ಹಾದಿಗೆ ಜಾಗ ಬಿಡಲು ತನ್ನ ನೆರೆಯವನೇ ವರ್ಷಗಟ್ಟಲೆ ತಕರಾರು ಮಾಡಿದ್ದನೆಂದೂ, ಈಗ ದಿನವೂ ಅದರ ಮೇಲೆ ಓಡಾಡುವವನು ಅವನೇ ಎಂದೂ ಆಂಡರ್ಸ್ ನಕ್ಕ. ತಕರಾರಿನ ವಿಷಯ ಕೇಳಿದ ಮೇಲೆ ನನಗೆ ಈ ದೇಶ ತುಸು ಹತ್ತಿರವಾಯಿತು.

ಬುಧವಾರ ಸಂಜೆ

ಬುಧವಾರ ಸಂಜೆ ಶಾಲೆಯ ದೊಡ್ಡ ಕೋಣೆಯಲ್ಲಿ ಊರಿನ ಹೆಂಗಸರ ಕವಾಯತು ಇದೆ, ಎಲ್ಲರೂ ಬನ್ನಿ ಎಂದು ಇಂಗರ್ ಕರೆದಳು. ದಾರಿಯಲ್ಲಿ ಗೌಡರು, ಶಾಲೆ ಬಿಟ್ಟ ಮೇಲೆ ಕೋಣೆಯ ಬೀಗ ತೆಗೆಯುವವರು ಯಾರು, ದೀಪದ ಖರ್ಚು ಯಾರದು ಎಂದು ವಿಚಾರಿಸಿದರು. ಅವರು ಚೇರ್ಮನ್ನರು, ಅಂಥ ವಿಷಯ ಅವರಿಗೆ ಮೊದಲು ಕಾಣುತ್ತದೆ. ಊರಿನವರು ಒಂದು ಗುಂಪಾಗಿ ಕೇಳಿದರೆ ಸಂಜೆಯ ಹೊತ್ತು ಶಾಲೆಯ ಜಾಗವನ್ನೂ ದೀಪವನ್ನೂ ಪಂಚಾಯ್ತಿಯೇ ಕೊಡಬೇಕೆಂದು ಕಾಯ್ದೆ ಇದೆ ಎಂದು ಆಂಡರ್ಸ್ ಹೇಳಿದ. ಇದನ್ನು ಕನ್ನಡಕ್ಕೆ ತರುವಾಗ ನನ್ನ ಎದೆ ಬಿಸಿಯಾಯಿತು. ಗರಡಿಗೆ ಕೊಟ್ಟಂತೆ ಹೆಂಗಸರಿಗೂ ಕೊಡಬೇಕು, ಬಯಲಿದ್ದ ಕಡೆ ಬಯಲು, ಅಲ್ಲಿ ಗೋದಾಮು ಗೀದಾಮು ಕಟ್ಟುವಂತಿಲ್ಲ ಎಂದು ಒಂದೇ ಉಸಿರಿನಲ್ಲಿ ಮುಗಿಸಿದೆ. ಗೌಡರು ಆಂಡರ್ಸನ ಮುಖ ನೋಡಿದರು, ನನ್ನ ಮುಖ ನೋಡಿದರು. "ಅಂವ ಇಷ್ಟ ಮಾತಾಡ್ಲಿಲ್ಲಲ್ರಿ ಅಕ್ಕೋರ" ಅಂದರು.

ಬಾಗಿಲವರೆಗೆ ಎಲ್ಲ ಸರಿಯಾಗಿತ್ತು. ಒಳಗೆ ಹೆಂಗಸರು ಮೊಣಕಾಲವರೆಗಿನ ಉಡುಪಿನಲ್ಲಿ ಸಾಲಾಗಿ ನಿಂತಿದ್ದರು. ಗೌಡರು ಹೊಸ್ತಿಲ ಮೇಲಿನಿಂದಲೇ ತಿರುಗಿ ಹೊರಗೆ ಹೋಗಿಬಿಟ್ಟರು. ನಮ್ಮೂರಿನಲ್ಲಿ ಗೌಡನಾದವನು ಹೆಣ್ಣುಮಕ್ಕಳ ಶಾಲೆಯ ಮುಂದೆ ಹಾಯುವಾಗಲೂ ರುಮಾಲು ಸರಿಮಾಡಿಕೊಂಡು ಆಚೆ ಮುಖ ಮಾಡುತ್ತಾನೆ. ಗೌಡರು ಅದನ್ನೇ ಮಾಡಿದರು. ಬಾಗಿಲಿಗೆ ಬೆನ್ನು ಕೊಟ್ಟು, ಕೋಟಿನ ಮೇಲೆ ಕಂಬಳಿ ಹೊದ್ದು, ಆ ಚಳಿಯಲ್ಲಿ ಕಂಬದ ಹಾಗೆ ನಿಂತರು.

ಆಂಡರ್ಸ್ ಗಾಬರಿಯಾದ. ಅತಿಥಿಗೆ ಸಿಟ್ಟು ಬಂತೇ ಎಂದು ಕೇಳಿದ. ಇದು ನಮ್ಮಲ್ಲಿ ಮರ್ಯಾದೆ ಕೊಡುವ ರೀತಿ ಎಂದೆ. ಹಾಗಾದರೆ ತಾನೂ ಕೊಡಬೇಕು ಎಂದು ಆಂಡರ್ಸ್ ಹೋಗಿ ಗೌಡರ ಪಕ್ಕದಲ್ಲಿ ಬೆನ್ನು ತಿರುಗಿಸಿ ನಿಂತ. ಹೆಂಡಿರನ್ನು ಬಿಡಲು ಬಂದ ಗಂಡಂದಿರು ಏನು ಏನು ಎಂದು ವಿಚಾರಿಸಿ ಒಬ್ಬೊಬ್ಬರಾಗಿ ಸೇರಿಕೊಂಡರು. ನಾನು ಕಿಟಕಿಯಿಂದ ನೋಡಿದಾಗ ಡೆನ್ಮಾರ್ಕಿನ ರೈತರ ಒಂದು ಉದ್ದ ಸಾಲು ಶಾಲೆಗೆ ಬೆನ್ನು ಹಾಕಿ, ಬಾಯಿಂದ ಹೊಗೆ ಬಿಡುತ್ತ, ಗೌಡರ ಸುತ್ತ ಶಿಸ್ತಾಗಿ ನಿಂತಿತ್ತು. ಭಾಷೆ ಯಾರಿಗೂ ಬಾರದು. ಆದರೂ ಹಸುವಿನ ಕೆಚ್ಚಲ ಬಗ್ಗೆ ಕೈಯಲ್ಲೇ ಬಹಳ ಮಾತಾಯಿತೆಂದು ಗೌಡರು ಆಮೇಲೆ ಹೇಳಿದರು.

ಒಳಗೆ ಬಂದವರಲ್ಲಿ ಬೆಳಗಿನಿಂದ ಹಾಲು ಕರೆದವರಿದ್ದರು, ಸಗಣಿ ಬಾಚಿದವರಿದ್ದರು. ಕೈಗಳನ್ನು ನೋಡಿದರೆ ತಿಳಿಯುತ್ತಿತ್ತು, ನಮ್ಮವರ ಕೈಯ ಹಾಗೆಯೇ ಒರಟು. ಪಿಯಾನೋ ಬಾರಿಸುತ್ತಿದ್ದಂತೆ ಅವರು ತೋಳು ಬೀಸಿದರು, ಬಾಗಿದರು, ಸುತ್ತು ಹಾಕಿ ಓಡಿದರು. ಸರಿಯಾಗಿ ಮಾಡುವವರು ಕಡಿಮೆ, ನಗುವವರೇ ಹೆಚ್ಚು. ಕವಾಯತಿನಲ್ಲಿ ನಗಲು ನಾನು ನನ್ನ ಶಾಲೆಯಲ್ಲಿ ಯಾರನ್ನೂ ಎಂದೂ ಬಿಟ್ಟವಳಲ್ಲ. ಅವತ್ತು ಮಾತ್ರ ಸೀಟಿ ಜೇಬಿನಲ್ಲೇ ಉಳಿಯಿತು.

ಶಾಂತವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದರು. ಇಂಗರ್ ಬಂದು ಕೈ ಚಾಚಿದಳು. ಆಕೆ ನನ್ನ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು. ಗಂಡಸರ ಬೆನ್ನುಗಳಷ್ಟೇ ಕಾಣುತ್ತಿದ್ದವು. ಎದ್ದು ನಿಂತು, ಚಳಿಗೆಂದು ಇಸಿದುಕೊಂಡು ಹಾಕಿದ್ದ ಆಂಡರ್ಸನ ಉಣ್ಣೆಯ ಕಾಲುಚೀಲ ಕಳಚಿ, ಇಳಕಲ್ ಸೀರೆಯ ನಿರಿಗೆಯನ್ನು ಕಳೆ ಕೀಳುವಾಗ ಸಿಕ್ಕಿಸುವಂತೆ ಮೇಲೆ ಸಿಕ್ಕಿಸಿ, ಸಾಲಿಗೆ ಸೇರಿದರು.

ಚೆಂಡಿನಾಟ ಶುರುವಾಯಿತು. ದುಂಡಗೆ ನಿಂತು ಒಬ್ಬರಿಂದ ಒಬ್ಬರಿಗೆ ಎಸೆಯುವ ಸಾದಾ ಆಟ. ಶಾಂತವ್ವನ ಕೈಗೆ ಚೆಂಡು ಬಂದಾಗ ಆಕೆ ಅದನ್ನು ಒಂದು ಗಳಿಗೆ ತೂಗಿ ನೋಡಿ, ಬೀಸಿ ಒಗೆದರು. ಎದುರಿನ ದಪ್ಪ ಹೆಂಗಸು ಹಿಡಿದಳು, ಆದರೆ ಚೆಂಡಿನ ಸಮೇತ ಹಿಂದೆ ಹೋಗಿ ಕವಾಯತಿನ ಮೆತ್ತನೆಯ ಹಾಸಿನ ಮೇಲೆ ಕೂತುಬಿಟ್ಟಳು. ಕೋಣೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಶಾಂತವ್ವ ನಕ್ಕರು. ಹೊಟ್ಟೆ ಹಿಡಿದುಕೊಂಡು, ಸೆರಗು ಜಾರಿದ್ದು ಗೊತ್ತಿಲ್ಲದೆ, ಹುಡುಗಿಯ ಹಾಗೆ ನಕ್ಕರು. ನನಗೆ ಬಹಳ ಸಂತೋಷವಾಯಿತು. ಇಷ್ಟು ವರ್ಷ ಕವಾಯತು ಕಲಿಸಿಯೂ ನಾನು ಯಾರಿಗೂ ಇಷ್ಟು ಸುಖ ಕೊಟ್ಟಿರಲಿಲ್ಲ.

ಹೊರಗೆ ಬಂದಾಗ ಗೌಡರು ಸಾಲಿನಿಂದ ಬಿಡಿಸಿಕೊಂಡು ನನ್ನ ಹತ್ತಿರ ಬಂದರು. "ಒಳಗ ನಕ್ಕಾಕಿ ನಮ್ಮಾಕೀನ ಏನ್ರಿ?" ಎಂದು ಕೇಳಿದರು. ಹೌದೆಂದೆ.

ಗುರುವಾರ ಬೆಳಿಗ್ಗೆ

ಮರುದಿನ ನಾಷ್ಟಾಕ್ಕೆ ಕೂತಾಗ ಶಾಂತವ್ವ ಬ್ರೆಡ್ಡಿಗೆ ನಿಂಬೆ ಉಪ್ಪಿನಕಾಯಿ ಹಚ್ಚಿ ಎಲ್ಲರಿಗೂ ಹಂಚುತ್ತಿದ್ದರು. ಮೈಕೈ ನೋಯುತ್ತಿರಬೇಕಲ್ಲ, ಊರಲ್ಲಿ ಮಾಡುವ ಕೆಲಸ ಸಾಲದೆಂದು ಇಲ್ಲಿಯೂ ದಣಿಯಬೇಕಿತ್ತೇ ಎಂದು ಗೌಡರು ಚೇಷ್ಟೆ ಮಾಡಿದರು. ಮೇಲ್ನೋಟಕ್ಕೆ ಚೇಷ್ಟೆ, ಆದರೆ ಅವರು ಉತ್ತರಕ್ಕೆ ಕಾಯುತ್ತಿದ್ದಾರೆಂದು ನನಗೆ ಅನ್ನಿಸಿತು.

ಶಾಂತವ್ವ ಉಪ್ಪಿನಕಾಯಿಯ ಚಮಚ ಕೆಳಗಿಟ್ಟರು. "ಬೀಸೂದು ಮನೀ ಸಲುವಾಗಿ, ನೀರ ತರೂದು ಮನೀ ಸಲುವಾಗಿ. ನಿನ್ನಿ ಮಾಡಿದ್ದು ಯಾರ ಸಲುವಾಗೂ ಅಲ್ರಿ. ಮೈ ದಣೀತು ಖರೆ, ಬ್ಯಾಸರ ಆಗಲಿಲ್ಲ."

ಮತ್ತೆ ಚಮಚ ಎತ್ತಿಕೊಂಡು, ಯಾರಿಗೆ ಹೇಳಿದರೋ ಏನೋ, "ಕಸ್ತೂರಿಗೆ ಇನ್ನೂ ಇಪ್ಪತ್ತು ಆಗಿಲ್ಲ" ಅಂದರು. ಸೊಸೆಯ ನೆನಪು ಈ ಮಾತಿಗೆ ಹೇಗೆ ಬಂತೆಂದು ಗೌಡರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಕಸ್ತೂರಿ ಮುದ್ದೇಬಿಹಾಳದ ಹುಡುಗಿ, ಶಾಲೆಯಲ್ಲಿ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದವಳು. ಮದುವೆಯಾಗಿ ನಮ್ಮೂರಿಗೆ ಬಂದ ಮೇಲೆ ಅವಳು ಜೋರಾಗಿ ನಡೆದದ್ದನ್ನೂ ನಾನು ನೋಡಿಲ್ಲ.

ಗೌಡರ ಚೇಷ್ಟೆ ಅಲ್ಲಿಗೆ ನಿಂತಿತು. ಸಂಜೆ ಕೊಟ್ಟಿಗೆಯ ಹತ್ತಿರ ನನ್ನೊಬ್ಬಳಿಗೆ ಅವರು ಹೇಳಿದರು: "ಲಗ್ನ ಆದಾಗಿಂದ ಆಕೀ ಹಂಗ ನಕ್ಕದ್ದು ನಾ ಕೇಳಿಲ್ರಿ ಅಕ್ಕೋರ. ಗೋಡಿ ಆಚೀ ಕಡಿಯಿಂದ ಕೇಳಬೇಕಾತು." ನಾನು ಬಯಲಿನ ಮಾತು ಎತ್ತಲಿಲ್ಲ.

ಮರಳಿ ಊರಿಗೆ

ಇಂಡಿ ರೋಡಿನಲ್ಲಿ ಇಳಿದಾಗ ಬಿಸಿಲು ಮುಖಕ್ಕೆ ಹೊಡೆಯಿತು. ಅಷ್ಟು ಹಿತವಾದ ಬಿಸಿಲನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಸ್ಸಿನಲ್ಲಿ ಕೂತವರೆಲ್ಲ ಪರದೇಶದಲ್ಲಿ ಏನು ತಿಂದಿರಿ ಎಂದು ಕೇಳಿದರೇ ಹೊರತು ಏನು ನೋಡಿದಿರಿ ಎಂದು ಯಾರೂ ಕೇಳಲಿಲ್ಲ.

ಪಂಚಾಯ್ತಿಯ ಸಭೆಗೆ ನಾನೂ ಹೋಗಿ ಮೂಲೆಯಲ್ಲಿ ಕೂತೆ. ವ್ಯಾಪಾರಿಗಳ ಪರವಾಗಿ ಮಾತಾಡಿದ ಸದಸ್ಯರದು ತಪ್ಪು ಮಾತೇನಲ್ಲ. ಗೋದಾಮು ಬಂದರೆ ಊರಿಗೆ ಕೆಲಸ ಬರುತ್ತದೆ, ಹತ್ತಿ ಮಳೆಗೆ ಸಿಕ್ಕಿ ಹಾಳಾಗುವುದಿಲ್ಲ ಎಂದರು. ಕೊನೆಗೆ, ನಮ್ಮ ಹೆಂಗಸರಿಗೆ ಮನೆಯ ದುಡಿತವೇ ಕವಾಯತು, ಬೇರೆ ಆಟ ಯಾತಕ್ಕೆ ಎಂದು ನಕ್ಕರು. ಸಭೆಯೂ ನಕ್ಕಿತು. ಗೌಡರು ನಗಲಿಲ್ಲ.

ಅವರು ಎದ್ದು ನಿಂತು ಡೆನ್ಮಾರ್ಕಿನ ಕಾಯ್ದೆಯನ್ನು ವಿವರಿಸಿದರು. ಆಂಡರ್ಸ್ ಹೇಳಿದ್ದು ನಾಲ್ಕು ಮಾತು, ನಾನು ಅದನ್ನು ಎಂಟು ಮಾಡಿದ್ದೆ, ಗೌಡರ ಬಾಯಲ್ಲಿ ಅದು ಒಂದು ಪುರಾಣವೇ ಆಯಿತು. ಆ ಬಯಲು ಶಾಲೆಗೇ ಉಳಿಯಬೇಕು, ಸಂಜೆ ಅಲ್ಲಿ ಬಂಡಿ ಬಿಡಬಾರದು, ಓದುವ ಹುಡುಗಿಯರಷ್ಟೇ ಅಲ್ಲ, ಊರಿನ ಯಾವ ಹೆಣ್ಣುಮಗಳು ಬಂದರೂ ಬೇಡ ಅನ್ನಬಾರದು ಎಂದು ಠರಾವು ಬರೆಸಿದರು. ಹಾಗಾದರೆ ಗೋದಾಮು ಎಲ್ಲಿ ಎಂದು ಆ ಸದಸ್ಯರು ಕೇಳಿದರು. "ನಮ್ಮ ಕಣದಾಗ ಕಟ್ರಿ," ಅಂದರು ಗೌಡರು, "ರಸ್ತೇಕ ಹೊಂದಿ ಐತಿ, ಲಾರಿಗೂ ಛಲೋ ಆಗ್ತೈತಿ."

ಕಣ ಬಿಟ್ಟುಕೊಡುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಮುಂದಿನ ಸುಗ್ಗಿಗೆ ಅವರು ರಾಶಿಯನ್ನು ಹೊಲದಲ್ಲೇ ಮಾಡಬೇಕು. ನನ್ನ ಕಣ್ಣು ತುಂಬಿ ಬಂದು ಸಭೆ ಮಂಜಾಯಿತು.

ಬಯಲು

ಠರಾವಾದ ಮೇಲಿನ ಮೊದಲ ಸಂಜೆ ನನ್ನ ಹುಡುಗಿಯರು ಬಂದು ನಿಂತರು. ದೊಡ್ಡ ಹೆಂಗಸರು ಬಂದದ್ದು ನಿಜ, ಆದರೆ ಬಯಲಿನ ಗೋಡೆಯಾಚೆಗೆ. ಕೊಡ ಇಳಿಸಿ, ಸೆರಗು ಬಾಯಿಗೆ ಹಿಡಿದು, ಮೊದಲು ಯಾರು ಒಳಗೆ ಹೋಗುತ್ತಾರೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಇವತ್ತು ಯಾರೂ ಬಾರದಿದ್ದರೆ ನಾಳೆಯೂ ಬರುವುದಿಲ್ಲ, ಆಮೇಲೆ ಠರಾವು ಕಾಗದದ ಮೇಲೆ ಉಳಿದುಬಿಡುತ್ತದೆ ಎಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಶಾಂತವ್ವ ಬರುವುದು ಕಾಣಿಸಿತು. ನನಗೆ ಧೈರ್ಯ ಬಂತು. ಆಕೆ ನಿರಿಗೆ ಸಿಕ್ಕಿಸಿ ಸಾಲಿಗೆ ಸೇರಿದರೆ ಉಳಿದವರು ಬಂದೇ ಬರುತ್ತಾರೆ ಎಂದುಕೊಂಡು ಚೆಂಡು ತೆಗೆದುಕೊಂಡು ಎದುರು ಹೋದೆ. ಆಕೆಯ ಹಿಂದೆ ತಲೆ ತಗ್ಗಿಸಿಕೊಂಡು, ತನ್ನ ಕೂಸನ್ನು ಎತ್ತಿಕೊಂಡು ಕಸ್ತೂರಿ ಬರುತ್ತಿದ್ದಳು.

ಶಾಂತವ್ವ ಚೆಂಡು ತೆಗೆದುಕೊಳ್ಳಲಿಲ್ಲ. ಊರಿನ ಹೆಂಗಸರೆಲ್ಲ ನೋಡುತ್ತಿರುವಂತೆಯೇ ಸೊಸೆಯ ಕೈಯಿಂದ ಕೂಸನ್ನು ಇಸಿದುಕೊಂಡು ತನ್ನ ಸೊಂಟದ ಮೇಲಿಟ್ಟುಕೊಂಡರು. ಕಸ್ತೂರಿ ಅತ್ತೆಯ ಮುಖ ನೋಡಿದಳು.

"ನಾ ಆಡಿ ಬಂದೇನವ್ವಾ," ಅಂದರು ಶಾಂತವ್ವ. "ಈಗ ನೀ ಓಡು."

ಕಸ್ತೂರಿ ಚಪ್ಪಲಿ ಬಿಟ್ಟಳು. ಮೊದಲು ನಡೆದಳು. ಆಮೇಲೆ ಓಡಿದಳು.